ರಾತ್ರಿ ಪೂರಾ ನಡೆಯುವ ಬ್ಯಾಟರಿ

ಜಗತ್ತಿನ ಜನರಿಗೆಲ್ಲ ಸಪ್ಪಳವಾದರೆ ಎಚ್ಚರವಾಗುತ್ತದೆ. ನಮ್ಮ ಕಾಕಾನಿಗೆ ಮಾತ್ರ ಸಪ್ಪಳ ನಿಂತರೆ ಎಚ್ಚರವಾಗುತ್ತದೆ! ಸುಮ್ಮನೆ ಉಬ್ಬಿಸಿ ಹೇಳುತ್ತಿದ್ದಾಳೆ ಅಂದುಕೊಳ್ಳಬೇಡಿ. ಬನಹಟ್ಟಿಯ ಅವನ ಮನೆಯಲ್ಲಿ ನಡುಮನೆಗೂ ಪವರ್‌ಲೂಮುಗಳಿಗೂ ನಡುವೆ ಇರುವುದು ಒಂದೇ ಗೋಡೆ. ಗೋಡೆಯ ಆಚೆ ಮಗ್ಗಗಳು ಖಟಕ್ ಪಟಕ್ ಎಂದು ಬಡಿದುಕೊಳ್ಳುತ್ತಿದ್ದರೆ ಈಚೆ ಕಾಕಾ ಅಂಗಾತ ಮಲಗಿ ಗೊರಕೆ ಹೊಡೆಯುತ್ತಿರುತ್ತಾನೆ. ಕರೆಂಟು ಹೋಗಿ ಮಗ್ಗ ನಿಂತಿತೋ, ಧಡಕ್ಕನೆ ಎದ್ದು ಕೂತು, "ಯಾರಲೇ ಅದು?" ಎಂದು ಕೂಗುತ್ತಾನೆ. ಯಾರೂ ಇರುವುದಿಲ್ಲ. ಏನೂ ಕೇಳಿಸುತ್ತಿಲ್ಲವಲ್ಲ ಎಂಬುದೇ ಅವನ ಗಾಬರಿ.

ಹಾಗೆ ನೋಡಿದರೆ ಇದು ಅವನೊಬ್ಬನ ಕಾಯಿಲೆಯಲ್ಲ, ಇಡೀ ಓಣಿಯದು. ಕರೆಂಟು ಹೋದ ಮರುಗಳಿಗೆ ಎಲ್ಲ ಮನೆಗಳ ಬಾಗಿಲು ತೆರೆಯುತ್ತವೆ, ಎಲ್ಲ ಕೂಸುಗಳೂ ಒಂದೇ ಸಲಕ್ಕೆ ಅಳುತ್ತವೆ, ದೊಡ್ಡವರು ಕಟ್ಟೆಯ ಮೇಲೆ ಕೂತು ಆಕಾಶ ನೋಡುತ್ತಾರೆ. ನಾನೂ ಅದೇ ಓಣಿಯಲ್ಲಿ ಬೆಳೆದವಳು. ಜಮಖಂಡಿಯ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ನೌಕರಿ ಸಿಕ್ಕು ಬಾಡಿಗೆ ಕೋಣೆಗೆ ಹೋದಾಗ, ಜಾಲರಿ ಸಡಿಲವಾಗಿ ಪಟಪಟ ಬಡಿಯುವ ಹಳೆಯ ಟೇಬಲ್ ಫ್ಯಾನೊಂದನ್ನು ಹುಡುಕಿ ತಂದು, ಚಳಿಗಾಲದಲ್ಲೂ ಹಚ್ಚಿಕೊಂಡು ಮಲಗಿದವಳು ನಾನು. ಉಳಿದವರೆಲ್ಲ ಇದನ್ನು ಹಣೆಬರಹವೆಂದು ಒಪ್ಪಿಕೊಂಡಿದ್ದರು. ಇದಕ್ಕೊಂದು ಮಷಿನ್ ಕಟ್ಟಬೇಕು ಎಂದು ಹೊರಟವನು ನಮ್ಮ ಕಾಕಾ ಒಬ್ಬನೇ.

ಅವನಿಗೆ ಕಣ್ಣಿಗಿಂತ ಕಿವಿಯ ಮೇಲೆ ನಂಬಿಕೆ. ಕಲ್ಲಂಗಡಿ ಬಡಿದು ನೋಡುವುದು ಎಲ್ಲರಿಗೂ ಗೊತ್ತು. ಅವನು ಬದನೆಕಾಯಿಯನ್ನೂ ಬಡಿಯುತ್ತಾನೆ. ಮಗಳು ಕಮಲಿಗೆ ಗಂಡು ನೋಡಲು ಬೀಳಗಿಗೆ ಹೋದಾಗ, ಉಳಿದವರು ಹುಡುಗನ ನೌಕರಿ, ಹೊಲ ಎಂದು ವಿಚಾರಿಸುತ್ತಿದ್ದರೆ ಇವನು ಪಡಸಾಲೆಯ ಕಂಬಗಳನ್ನು ಒಂದೊಂದಾಗಿ ಬೆರಳಿನಿಂದ ಬಡಿಯುತ್ತ ಹೋದನಂತೆ! ಆ ಮನೆಯ ಹಿರಿಯರು ಗೆದ್ದಲು ನೋಡುತ್ತಿದ್ದಾರೆಂದು ತಿಳಿದು ನೊಂದುಕೊಂಡರು. ತಿರುಗಿ ಬಂದ ಮೇಲೆ ಅವನ ಹೆಂಡತಿ, ನಮ್ಮ ಕಾಕೂ, ಕೇಳಿದಳು, "ಹ್ಯಾಂಗೈತ್ರಿ ಮನಿ?"

"ಮನಿ ಗಟ್ಟಿ ಐತಿ. ಮಂದಿ ಛಲೋ ಅದಾರ. ಹುಡುಗ ಬಂಗಾರ," ಎಂದು ಕಾಕಾ ಸ್ವಲ್ಪ ತಡೆದು, "ಸಪ್ಪಳೊಂದಿಲ್ಲ," ಎಂದ.

ಇದೂ ಒಂದು ಕೊರತೆಯೇ ಎಂದು ಎಲ್ಲರೂ ನಕ್ಕೆವು. ಮದುವೆಯಾಯಿತು. ಎರಡು ವರ್ಷಕ್ಕೆ ಕಮಲಿ ಬಾಣಂತನಕ್ಕೆ ತವರಿಗೆ ಬಂದಳು. ಹೆಣ್ಣು ಕೂಸು ಹುಟ್ಟಿತು. ಮಗ್ಗದ ಗೋಡೆಗೆ ಹತ್ತಿದ ತೊಟ್ಟಿಲಲ್ಲಿ ಐದು ತಿಂಗಳು ಗಡದ್ದಾಗಿ ಮಲಗಿ, ದುಂಡಗಾಗಿ, ಬೀಳಗಿಗೆ ಹೋಯಿತು. ಹೋದ ಹತ್ತು ಹನ್ನೆರಡು ದಿನಕ್ಕೆ ಬನಹಟ್ಟಿಯ ಕಾಕಾನ ಪಕ್ಕದ ಅಂಗಡಿಗೆ ಬೀಳಗಿಯಿಂದ ಟ್ರಂಕ್ ಕಾಲ್ ಬಂತು. ಎಕ್ಸ್‌ಚೇಂಜಿನ ಬೋರ್ಡಿನ ಮುಂದೆ ಕೂತಿದ್ದವಳು ನಾನೇ. ಆಪರೇಟರು ಕಿವಿಗೊಡಬಾರದು ಎಂಬ ನಿಯಮವಿದೆ, ಒಪ್ಪಿದೆ. ತಂಗಿಯ ದನಿ ಬಂದಾಗ ಕಿವಿಗೆ ನಿಯಮ ಹೇಳುವವರು ಯಾರು?

"ಅಪ್ಪಾ, ಕೂಸು ರಾತ್ರಿ ಮಲಗವಲ್ದು. ಬರೇ ಅಳ್ತೈತಿ."

"ಹೊಟ್ಟಿ ನೋಯ್ತೈತೇನು?"

"ಡಾಕ್ಟರು ಏನೂ ಇಲ್ಲ ಅಂದ್ರು. ಅತ್ತಿ ದೃಷ್ಟಿ ತಗದ್ರು, ದಾರಾ ಕಟ್ಟಿದ್ರು."

"ನೀ ಹ್ಯಾಂಗದಿ?"

"ನಾ ಛಲೋ ಅದೀನಿ. ಅಪ್ಪಾ, ನಿನ್ನ ಹಿಂದ ಮಗ್ಗ ನಡದಾವೇನು? ಕೇಳಾಕತ್ತೈತಿ."

"ಹ್ಞೂಂ ಯವ್ವಾ, ನಡದಾವ."

ಆಮೇಲೆ ಕಮಲಿ ಎರಡು ಸಲ ದೊಡ್ಡದಾಗಿ ಆಕಳಿಸಿದಳು. ರಾತ್ರಿಯೆಲ್ಲ ಕೂಸನ್ನು ಹೆಗಲ ಮೇಲೆ ಹಾಕಿಕೊಂಡು ಅಡ್ಡಾಡಿದವರು ಆಕಳಿಸದೆ ಮತ್ತೇನು ಮಾಡುತ್ತಾರೆ ಎಂದುಕೊಂಡು, ವೇಳೆ ಮುಗಿಯಿತೆಂದು ನಾನು ಲೈನು ತೆಗೆದೆ.

ಕಾಕೂ ಒಂದೇ ಹಟ ಹಿಡಿದಳು: ಮಗಳನ್ನೂ ಕೂಸನ್ನೂ ಕರೆದುಕೊಂಡು ಬರಬೇಕು. ಕಾಕಾ ಒಪ್ಪಲಿಲ್ಲ. "ಉಡಿ ತುಂಬಿ ಕಳಿಸಿ ಇನ್ನಾ ಅರ್ಧಾ ತಿಂಗಳ ಆಗಿಲ್ಲ. ಹೋದಾಕಿ ಹಾಂಗ ತಿರುಗಿ ಬಂದ್ರ ಬೀಗರ ಮನಿ ಮಂದಿ ಏನ್ ತಿಳಕೋಬೇಕು? ಕೂಸಿಗಿ ಬೇಕಾದದ್ದು ಮಗ್ಗದ ಸಪ್ಪಳ. ಮಗ್ಗಾನ ಬೀಳಗಿಗೆ ಒಯ್ಯೂಣು!"

"ಬಸ್ಸಿನ ಮ್ಯಾಲ ಕಟಗೊಂಡ ಹೋಗ್ತೀರೇನ್ರಿ?" ಎಂದಳು ಕಾಕೂ.

ಮೊದಲು ಓಣಿಯವರು ಸೂಚಿಸಿದ್ದು ಟೇಪ್ ರೆಕಾರ್ಡರ್. ಪಕ್ಕದ ಅಂಗಡಿಯವರು ಪಾಪ, ತಮ್ಮ ಭಜನೆಯ ಕ್ಯಾಸೆಟ್ಟೊಂದನ್ನು ಬಲಿ ಕೊಟ್ಟು ಮಗ್ಗದ ಸಪ್ಪಳ ತುಂಬಿಸಿಕೊಟ್ಟರು. ಕಾಕಾ ಕಣ್ಣು ಮುಚ್ಚಿ ಕೇಳಿದ. ತಲೆಯಲ್ಲಾಡಿಸಿದ. "ಇದು ಮಗ್ಗಲ್ಲ, ಮಗ್ಗದ ಫೋಟೋ. ಖರೆ ಮಗ್ಗದ ಸಪ್ಪಳ ಕಿವಿಯಿಂದ ಬರೂದಿಲ್ಲೋ ತಮ್ಮಾ, ನೆಲದಿಂದ ಬೆನ್ನಿಗೆ ಬರ್ತೈತಿ," ಎಂದ. ಬನಹಟ್ಟಿಯ ನೆಲದ ಮೇಲೆ ಮಲಗಿದವರಿಗೆ ಈ ಮಾತು ಸುಳ್ಳೆನಿಸಲಾರದು.

ಹಾಗಾಗಿ ಡಬ್ಬಿ ಹುಟ್ಟಿತು. ಸಾಗವಾನಿಯ ಹಲಗೆಯದು, ಸೀರೆಯ ಪೆಟ್ಟಿಗೆಯಷ್ಟು ದೊಡ್ಡದು, ಮೇಲೊಂದು ಹಿಡಿಕೆ. ಒಳಗೆ ಕೆಟ್ಟ ಟೇಪ್ ರೆಕಾರ್ಡರಿನ ಪುಟ್ಟ ಮೋಟಾರು, ಅದರಿಂದ ರಬ್ಬರಿನ ಪಟ್ಟಿಯಲ್ಲಿ ತಿರುಗುವ ಚಕ್ರ, ಚಕ್ರಕ್ಕೆ ಸಿಕ್ಕಿಸಿದ ಮೊಳೆಗಳು. ಮೊಳೆ ಬಂದಾಗ ಕಟ್ಟಿಗೆಯ ಸುತ್ತಿಗೆ ಮೇಲೇಳುತ್ತದೆ, ಹೋದಾಗ ಹಲಗೆಯ ಮೇಲೆ ಬೀಳುತ್ತದೆ: ಖಟಕ್ ಪಟಕ್. ನೆಲದ ಮೇಲಿಟ್ಟರೆ ಅಂಗಾಲಿಗೆ ಮಗ್ಗದ ಗುರುತು ಸಿಗುತ್ತದೆ. ನಾನಂತೂ ಬೆರಗಾದೆ.

ಅವನಿಗೆ ಅಷ್ಟಕ್ಕೆ ಸಮಾಧಾನವಿಲ್ಲ. ಒಂದು ಮೊಳೆಯನ್ನು ಕಿತ್ತು ಸ್ವಲ್ಪ ದೂರ ಹೊಡೆದ. ಈಗ ಡಬ್ಬಿ ಕುಂಟತೊಡಗಿತು: ಖಟಕ್ ಪಟಕ್, ಖಟಕ್ ಪಟಕ್, ಖಟಕ್... ಪಟಕ್. ಕೇಳಿದೊಡನೆ ನನಗೆ ಗುರುತು ಹತ್ತಿತು. ನಾವೆಲ್ಲ ಸಣ್ಣವರಿದ್ದಾಗ ಗೋಡೆಯ ಬದಿಗೆ ಒಂದು ಕುಂಟು ಮಗ್ಗವಿತ್ತು, ಅದೇ ತಾಳ!

"ಕಾಕಾ, ಆ ಮಗ್ಗ ಗುಜರಿಗಿ ಹೋಗಿ ಎಷ್ಟೋ ವರ್ಷ ಆತಲ್ಲ. ಕಮಲಿ ಮದವಿಕಿಂತ ಮೊದಲ ಹೋಗೈತಿ. ಕೂಸು ಅದನ್ನ ಎಲ್ಲಿ ಕೇಳೈತಿ?" ಎಂದೆ.

"ನಿನಗ ಟೆಲಿಫೋನ್ ತಿಳೀತೈತಿ, ಮಗ್ಗ ತಿಳಿಯೂದಿಲ್ಲ. ಸುಮ್ನಿರು," ಎಂದ.

ಇನ್ನು ಉಳಿದದ್ದು ಒಂದೇ ಪ್ರಶ್ನೆ: ಇದಕ್ಕೆ ಉಣಿಸುವುದು ಏನು? ಬೀಳಗಿಯ ಮನೆಯಲ್ಲಿ ತೊಟ್ಟಿಲು ಕಟ್ಟಿದ ಒಳಕೋಣೆಗೆ ಪ್ಲಗ್ಗು ಇಲ್ಲ, ಇದ್ದರೂ ಕರೆಂಟಿಗೆ ಭರವಸೆಯಿಲ್ಲ. ಕೂಸನ್ನು ಪಡಸಾಲೆಯಲ್ಲಿ ಮಲಗಿಸುವವರು ಯಾರೋ, ಹಿತ್ತಲಲ್ಲಿ ಮಲಗಿಸುವವರು ಯಾರೋ. ಡಬ್ಬಿ ಅದರ ಹಿಂದೆ ಹೋಗಬೇಕು. ಅಂದಮೇಲೆ ಬ್ಯಾಟರಿ ಬೇಕು. ಇಲ್ಲಿಂದ ನಮ್ಮ ಕಾಕಾನ ಅವತಾರ ಶುರುವಾಯಿತು ನೋಡಿ!

ಮೊದಲು ಟಾರ್ಚಿನ ದೊಡ್ಡ ಶೆಲ್ಲುಗಳನ್ನು ಹಾಕಿದ. ಮುಂಜಾನೆ ಹುರುಪಿನಿಂದ ಬಡಿದ ಡಬ್ಬಿ ಮಧ್ಯಾಹ್ನಕ್ಕೆ ಉಸ್ಸೆಂದಿತು, ಸಂಜೆಗೆ ಮಲಗಿತು. ಸತ್ತ ಶೆಲ್ಲಿಗೆ ಬಿಸಿಲು ತೋರಿಸಿದರೆ ಜೀವ ಬರುತ್ತದೆಂಬುದು ನಮ್ಮ ಕಡೆ ಎಲ್ಲರೂ ನಂಬಿದ ವಿದ್ಯೆ. ಕಾಕಾ ಅವನ್ನು ಮಾಳಿಗೆಯ ಮೇಲೆ ಸಾಲಾಗಿ ಒಣಹಾಕಿದ. ಅದೇ ಮಾಳಿಗೆಯ ಮೇಲೆ ಕಾಕೂ ಸಂಡಿಗೆ ಹಾಕಿದ್ದಳು. ಸಂಜೆ ಮಬ್ಬಿನಲ್ಲಿ ಎರಡನ್ನೂ ಒಂದೇ ಬುಟ್ಟಿಗೆ ತುಂಬಿಕೊಂಡು ಇಳಿದಳು. ಒಂದು ಶೆಲ್ಲನ್ನು ಕಾದ ಎಣ್ಣೆಗೆ ಬಿಡುವುದರಲ್ಲಿದ್ದಳು ಎಂದು ಕಾಕಾ ಇಂದಿಗೂ ಹೇಳುತ್ತಾನೆ. ಕಾಕೂ ಇಂದಿಗೂ ಒಪ್ಪುವುದಿಲ್ಲ.

"ತೀರಿದ ಮ್ಯಾಲ ಒಗಿಯೂದಲ್ಲ, ಮತ್ತ ತುಂಬಿಕೊಳ್ಳೂದು ಬೇಕು. ನೀರಿನ ಕೊಡ ಇದ್ದಾಂಗ," ಎಂದು ಕಾಕಾ ತೀರ್ಮಾನಿಸಿದ. ಒಂದು ಕೈಯಲ್ಲಿ ಎತ್ತಲು ಬರಬೇಕು, ವಾಲಿದರೆ ಚೆಲ್ಲಬಾರದು. ಇವೆರಡನ್ನೂ ನಾವು ಒಪ್ಪಿದೆವು. ಆದರೆ ಮೂರನೆಯದು ವಿಚಿತ್ರವಾಗಿತ್ತು. ಒಮ್ಮೆ ತುಂಬಿದರೆ ರಾತ್ರಿ ಪೂರಾ ನಡೆಯಬೇಕಂತೆ!

"ರಾತ್ರಿ ಪೂರಾ ಯಾಕ್ರಿ?" ಎಂದಳು ಕಾಕೂ. "ಕೂಸಿಗಿ ಒಮ್ಮೆ ಕಣ್ಣ ಹತ್ತಿದ್ರ ಸಾಕು. ಒಂದ ತಾಸಿಗೆ ಹಾಲಿಗಿ ಏಳ್ತೈತಿ, ಮತ್ತೊಮ್ಮೆ ಹಚ್ಚಿದ್ರಾತು."

"ಪೂರಾ ಅಂದ್ರ ಪೂರಾ," ಎಂದ ಕಾಕಾ.

ಸಮೀರವಾಡಿಯ ಕಾರ್ಖಾನೆಗೆ ಕಬ್ಬು ಹೊಡೆಯುವ ಗೆಳೆಯನೊಬ್ಬನ ಟ್ರ್ಯಾಕ್ಟರಿನಿಂದ ಬ್ಯಾಟರಿ ಬಿಚ್ಚಿಸಿಕೊಂಡು ತಂದ. ತಂದ ಅನ್ನುವುದು ಸುಳ್ಳು, ಬಿದಿರಿನ ಗಳಕ್ಕೆ ಕಟ್ಟಿ ಇಬ್ಬರು ಹೊತ್ತು ತಂದರು. ತಂತಿ ಹಚ್ಚಿದ್ದೇ ತಡ, ಪುಟ್ಟ ಮೋಟಾರಿಗೆ ಮೈಮೇಲೆ ದೇವರು ಬಂದಿತು! ಖಟಕ್ ಪಟಕ್ ಹೋಗಿ ಟಪಟಪಟಪ ಆಯಿತು, ಸುತ್ತಿಗೆ ಕಿತ್ತು ಹಾರಿತು, ಹಾರಿದ್ದು ನೇರ ದೇವರ ಮನೆಯ ಗಂಟೆಗೆ ಬಡಿಯಿತು. ಒಳಗಿದ್ದ ಕಾಕೂ ಮಂಗಳಾರತಿ ಆಯಿತೆಂದು ತಿಳಿದು ಕೈಮುಗಿದಳು. ಹೊರಬಂದು ಆ ಕರಿಯ ಬ್ಯಾಟರಿಯನ್ನು ನೋಡಿ, "ಕೂಸಿನ ಜೋಡಿ ಇದಕ್ಕೂ ಒಂದ ತೊಟ್ಟಲಾ ಕಟ್ಟಸ್ರಿ," ಎಂದಳು. ಅತ್ತ ಟ್ರ್ಯಾಕ್ಟರು ಚಾಲೂ ಆಗದೆ ಹಿಂದೆ ಕಬ್ಬಿನ ಗಾಡಿಗಳ ಸಾಲು ನಿಂತು, ಗೆಳೆಯ ಬಾಯಿಗೆ ಬಂದದ್ದು ಬೈಯುತ್ತ ಬ್ಯಾಟರಿ ಒಯ್ದ.

ಆಮೇಲೆ ಅವನ ಕಣ್ಣು ಬಿದ್ದದ್ದು ನನ್ನ ಕಚೇರಿಯ ಮೇಲೆ. ಒಂದು ದಿನ ಊಟದ ಬುತ್ತಿ ಹಿಡಿದುಕೊಂಡು ಜಮಖಂಡಿಗೆ ಬಂದ. ರೊಟ್ಟಿಯ ಆಸೆಗೆ ನಾನು ಮರುಳಾದೆ. ರೊಟ್ಟಿ ಮುಗಿದ ಮೇಲೆ ನಿಧಾನವಾಗಿ ಕೇಳಿದ, "ನಿಮ್ಮಲ್ಲಿ ಬ್ಯಾಟರಿ ಕೋಣಿ ಐತಂತಲ್ಲ?" ಬಾಗಿಲಿನಿಂದಲೇ ತೋರಿಸಿದೆ. ಆಳೆತ್ತರದ ಕಪಾಟುಗಳ ಮೇಲೆ ಸಾಲುಸಾಲಾಗಿ ಬ್ಯಾಟರಿಗಳು.

"ಇಷ್ಟರಾಗ ಒಂದ ತಗದ್ರ ಯಾರಿಗೆ ಗೊತ್ತಾಗ್ತೈತಿ?"

"ಇಡೀ ಜಮಖಂಡಿಗೆ ಗೊತ್ತಾಗ್ತೈತಿ ಕಾಕಾ, ಫೋನ್ ಬಂದ್ ಆಗಿ!"

ಅಷ್ಟರಲ್ಲಿ ನಮ್ಮ ಸಾಹೇಬರೇ ಬಂದುಬಿಟ್ಟರು. ಕಾಕಾ ಹೆದರಿದನೇ? ಕೈಮುಗಿದು, "ಸಾಹೇಬ್ರ, ಇವು ರಾತ್ರಿ ಪೂರಾ ನಡೀತಾವೇನ್ರಿ?" ಎಂದು ವಿಚಾರಿಸಿದ.

"ಮೂರು ರಾತ್ರಿ ಬೇಕಾದರೂ ನಡೆಯುತ್ತವೆ," ಎಂದರು ಸಾಹೇಬರು ಹೆಮ್ಮೆಯಿಂದ.

"ಬಸ್ಸಿನ್ಯಾಗ ತೊಡಿ ಮ್ಯಾಲ ಇಟಗೊಂಡ ಹೋಗಾಕ ಬರ್ತೈತೇನ್ರಿ?"

ಸಾಹೇಬರು ಕಾಕಾನನ್ನು ನೋಡಲಿಲ್ಲ, ನನ್ನನ್ನು ನೋಡಿದರು. ಆ ನೋಟ ಮುಂದಿನ ಬಡ್ತಿಯವರೆಗೂ ನನ್ನ ಬೆನ್ನ ಹಿಂದೆ ಇತ್ತು.

ಮೋಟಾರ್‌ಸೈಕಲ್ಲಿನ ಬ್ಯಾಟರಿ ಬಹಳ ಹತ್ತಿರಕ್ಕೆ ಬಂತು. ಗಾತ್ರ ಸರಿ, ಬಲ ಸರಿ, ರಾತ್ರಿ ನಡೆಯುವ ತಾಕತ್ತೂ ಉಂಟು. ಕೂಸಿನ ಹತ್ತಿರ ಇಡುವ ವಸ್ತು, ಪರೀಕ್ಷೆ ಮಾಡದೆ ಬಿಡುವುದುಂಟೇ? ಕಾಕಾ ಅದನ್ನು ಡಬ್ಬಿಯೊಳಗೆ ಕೂರಿಸಿ, ಬಸ್ಸಿನ ಕುಲುಕಾಟಕ್ಕೆ ಹೇಗಿರುತ್ತದೋ ನೋಡೋಣವೆಂದು ತೊಡೆಯ ಮೇಲಿಟ್ಟುಕೊಂಡು ಕಟ್ಟೆಯ ಮೇಲೆ ಕೂತು, ಅತ್ತಿಂದಿತ್ತ ತೂಗಾಡತೊಡಗಿದ. ಹೋಗಿಬರುವವರು ಭಜನೆಯೆಂದು ತಿಳಿದರು. ಸ್ವಲ್ಪ ಹೊತ್ತಿಗೆ ತೊಡೆ ಚುರ್ ಎಂದಿತು. ಬ್ಯಾಟರಿಯ ಆ್ಯಸಿಡ್ಡು ತುಳುಕಿ, ಒಳ್ಳೆಯ ಧೋತರದ ತುಂಬ ಜರಡಿಯಂತೆ ತೂತು! ಕಾಕೂ ತಂಬಿಗೆ ತಂಬಿಗೆ ನೀರು ಸುರಿದಳು. ಚರ್ಮ ಕೆಂಪಾಗಿ ಉಳಿಯಿತು. ಆದರೆ ನೇಕಾರನಿಗೆ ಚರ್ಮ ದೊಡ್ಡದೋ ಬಟ್ಟೆ ದೊಡ್ಡದೋ? ಆ ಧೋತರವನ್ನು ಬೆಳಕಿಗೆ ಹಿಡಿದು ನೋಡುತ್ತ ಅವನು ಕೂತ ರೀತಿ ಕಂಡು ನನಗೆ ನಗಲೂ ಧೈರ್ಯವಾಗಲಿಲ್ಲ. ಕೊನೆಗೆ ಅವನೇ, "ನನ್ನ ಧೋತರಕ್ಕ ಬಂದದ್ದು ಕೂಸಿನ ಲಂಗೋಟಿಗೆ ಬಂದಿದ್ರ?" ಎಂದು, ಆ ಬ್ಯಾಟರಿಯನ್ನು ತಿರುಗಿಸಿಕೊಟ್ಟ.

ಆಗ ನಾನೇ ಒಂದು ಸುದ್ದಿ ಮುಟ್ಟಿಸಿದೆ. ಜಮಖಂಡಿಯ ಅಂಗಡಿಯೊಂದಕ್ಕೆ ಹೊಸ ನಮೂನೆಯ ಎಮರ್ಜೆನ್ಸಿ ಲ್ಯಾಂಪು ಬಂದಿದ್ದವು. ಅವುಗಳ ಬ್ಯಾಟರಿಗೆ ನೀರು ಹಾಕುವಂತಿಲ್ಲ, ಎಲ್ಲ ಕಡೆ ಮುಚ್ಚಿದ ಗಟ್ಟಿ ಡಬ್ಬ, ಪ್ಲಗ್ಗಿಗೆ ಹಚ್ಚಿದರೆ ಮತ್ತೆ ತುಂಬುತ್ತದೆ. ಕಾಕಾ ಮರುದಿನವೇ ಹಾಜರು. ಅಂಗಡಿಯವ ಮೊದಲು ಪೆನ್ಸಿಲ್ಲಿನಷ್ಟು ಸಣ್ಣ ಶೆಲ್ಲುಗಳ ಕಟ್ಟೊಂದನ್ನು ತೋರಿಸಿದ.

"ಇವೂ ಚಾರ್ಜ್ ಆಗ್ತಾವ್ರಿ ಯಜಮಾನ್ರ. ಕಿಸೇದಾಗ ಇಟಗೋಬಹುದು."

"ಎಷ್ಟೊತ್ತು ನಡೀತಾವು?"

"ನಿಮ್ಮ ಮೋಟಾರಿಗೆ ಒಂದ, ಒಂದೂವರಿ ತಾಸು. ಕೂಸಿಗಿ ಅಂತೀರಿ, ಸಾಕಲ್ರಿ!"

"ರಾತ್ರಿ ಪೂರಾ ಬೇಕು."

"ಯಾವ ಕೂಸು ರಾತ್ರಿ ಪೂರಾ ಮಲಗ್ತೈತ್ರಿ? ನನಗೂ ಮೂರ ಮಕ್ಕಳದಾವ. ಹಂತಾ ಕೂಸು ಎಲ್ಲ್ಯರ ಇದ್ರ ತೋರಸ್ರಿ, ಬ್ಯಾಟರಿ ಪುಕಟ ಕೊಡ್ತೀನಿ!"

ಅಂಗಡಿಯಲ್ಲಿದ್ದವರೆಲ್ಲ ನಕ್ಕರು. ನಾನೂ ನಕ್ಕೆ. ಕಾಕಾ ಮಾತ್ರ ನಗದೆ ಮುಚ್ಚಿದ ಡಬ್ಬದ ಬ್ಯಾಟರಿಯನ್ನು ಎತ್ತಿ ಕಿವಿಯ ಹತ್ತಿರ ಅಲ್ಲಾಡಿಸಿದ. ಒಳಗೆ ತುಳುಕುವ ಸದ್ದಿಲ್ಲ. ಬೆರಳಿನಿಂದ ಬಡಿದ. ಆಮೇಲೆ ಮೊಳೆಗೆ ತೂಗುಹಾಕಿದ್ದ ಅಂಗಡಿಯವನ ಬಿಳಿಯ ಅಂಗಿಯನ್ನು ಇಳಿಸಿ ಹಾಸಿ ಅದರ ಮೇಲೆ ಬ್ಯಾಟರಿಯನ್ನು ತಲೆಕೆಳಗು ಮಾಡಿ ಇಟ್ಟುಬಿಟ್ಟ!

"ಯಜಮಾನ್ರ, ಅಂಗಿ!"

"ನನ್ನ ಧೋತರದ ಪಾಳಿ ಮುಗದೈತಿ ತಮ್ಮಾ. ಈಗ ನಿನ್ನ ಪಾಳಿ."

ಚಹಾ ಬಂತು, ಕುಡಿದದ್ದಾಯಿತು, ಅಂಗಿಗೆ ಏನೂ ಆಗಲಿಲ್ಲ. ಬ್ಯಾಟರಿ ಬನಹಟ್ಟಿಗೆ ಬಂತು.

ರಾತ್ರಿ ಪೂರಾ ನಡೆಯುತ್ತದೋ ಇಲ್ಲವೋ ನೋಡುವ ಮೀಟರು ಬೇಕಲ್ಲ? ಅದಕ್ಕೆ ಅವನು ಕಂಡುಕೊಂಡ ದಾರಿ ಕೇಳಿ. ಕರೆಂಟಿಗೆ ರಜೆಯಿದ್ದು ಇಡೀ ಓಣಿಯ ಮಗ್ಗಗಳು ನಿಂತ ದಿನ, ಮುಂಜಾನೆಯೇ ಡಬ್ಬಿ ಚಾಲೂ ಮಾಡಿ, ಅದರ ಪಕ್ಕ ಚಾಪೆ ಹಾಸಿಕೊಂಡು ಮಲಗಿದ. ಮಗ್ಗ ನಿಂತರೆ ಅವನಿಗೆ ಎಚ್ಚರವಾಗುತ್ತದಲ್ಲ! ಊಟಕ್ಕೆ ಕರೆದರೂ ಏಳಲಿಲ್ಲ, ನೆಂಟರು ಬಂದು ಹೋದರೂ ಏಳಲಿಲ್ಲ. ದೀಪ ಹಚ್ಚುವ ಹೊತ್ತು ದಾಟಿದ ಮೇಲೆ ಧಡಕ್ಕನೆ ಎದ್ದು ಕೂತು, "ಯಾರಲೇ ಅದು?" ಎಂದು ಕೂಗಿದ. ಬ್ಯಾಟರಿ ಆಗ ತಾನೇ ಮುಗಿದಿತ್ತು. ಕಾಕಾ ಪಾಸಾಗಿದ್ದ, ಬ್ಯಾಟರಿಯೂ ಪಾಸಾಗಿತ್ತು.

ಬರುವ ಭಾನುವಾರ ಕಾಕಾ, ನಾನು ಬೀಳಗಿಗೆ ಹೊರಡುವುದೆಂದಾಯಿತು. ನನಗೆ ರಜೆ, ಜಮಖಂಡಿಯಲ್ಲಿ ನಾನು ಬಸ್ಸು ಹತ್ತಬೇಕು. ಬಸ್ಸೇನೋ ಬಂತು, ಆದರೆ ಕಿಟಕಿಯಲ್ಲಿ ಕಂಡ ತಲೆಗಳೆಲ್ಲ ಒಂದೇ ಕಡೆಗೆ ವಾಲಿದ್ದವು. ಏನೋ ಅನಾಹುತವಾಗಿದೆ ಎಂದು ಓಡಿದೆ. ಹತ್ತಿ ನೋಡಿದರೆ ನಡುವಿನ ಸೀಟಿನಲ್ಲಿ ಕಾಕಾ, ತೊಡೆಯ ಮೇಲೆ ಡಬ್ಬಿ, ಖಟಕ್ ಪಟಕ್, ಖಟಕ್ ಪಟಕ್. ಪಕ್ಕದವರು ಕೇಳಿದರಂತೆ, ತೋರಿಸಿದನಂತೆ. ಹಿಂದಿನವರು ಕೇಳಿದರಂತೆ, ಅವರಿಗೂ ತೋರಿಸಿದನಂತೆ. ರಬಕವಿ, ಬನಹಟ್ಟಿಯಲ್ಲಿ ಹತ್ತಿದ ನೇಕಾರರೆಲ್ಲ ಬಾಯಿ ತೆರೆದು ಮಲಗಿದ್ದರು.

"ಅಕ್ಕಾರ, ಇವ್ರು ನಿಮ್ಮವರೇನ್ರಿ?" ಕಂಡಕ್ಟರನಿಗೆ ಅಳುವುದೊಂದೇ ಬಾಕಿ. "ಟಿಕೀಟ್ ಕೇಳಿದ್ರ ಗೊರಕಿ ಹೊಡೀತಾರ್ರಿ!"

"ಕಾಕಾ, ಬಂದ್ ಮಾಡು. ಬ್ಯಾಟರಿ ತೀರ್ತೈತಿ," ಎಂದೆ.

"ರಾತ್ರಿ ಪೂರಾ ನಡಿಯೂ ಬ್ಯಾಟರಿ ಯವ್ವಾ ಇದು!" ಎಂದ, ಅರ್ಧ ಬಸ್ಸಿಗೆ ಕೇಳುವಂತೆ. ಉಳಿದರ್ಧ ಬಸ್ಸಿಗೆ ಏನೂ ಕೇಳಿಸುತ್ತಿರಲಿಲ್ಲ. ಜಮಖಂಡಿಯಲ್ಲಿ ಇಳಿಯಬೇಕಾಗಿದ್ದ ಸೀರೆ ವ್ಯಾಪಾರಿಯೊಬ್ಬರು ಕಣ್ಣು ತೆರೆದದ್ದು ಬೀಳಗಿಯಲ್ಲಿ! ಗಂಟು ಹೊತ್ತು ನಮ್ಮೊಂದಿಗೇ ಇಳಿದು ಕಾಕಾನನ್ನು ಮನಸಾರೆ ಬೈದರು. ಬೈದು ಮುಗಿಸಿ, ದನಿ ತಗ್ಗಿಸಿ, "ಹಿಂತಾದೊಂದು ನನಗೂ ಮಾಡಿಕೊಡ್ತೀರೇನ್ರಿ?" ಎಂದು ಕೇಳಿದರು.

ಬೀಗತಿಯವರು ಹೊಸ್ತಿಲಲ್ಲೇ ಎದುರಾದರು. ಎತ್ತರದ, ಗಟ್ಟಿ ದನಿಯ ಹೆಂಗಸು. ಉಭಯ ಕುಶಲ ಮುಗಿದ ಮೇಲೆ, "ಏನೈತ್ರಿ ಬೀಗರ, ಡಬ್ಬ್ಯಾಗ?" ಎಂದರು.

"ಮಗ್ಗ ಐತ್ರಿ," ಎಂದ ಕಾಕಾ.

ಅವರು ನನ್ನ ಮುಖ ನೋಡಿದರು. ಯಾರಾದರೂ ನನ್ನ ಮುಖವನ್ನೇ ನೋಡುವುದು ಇಷ್ಟರಲ್ಲಿ ನನಗೆ ರೂಢಿಯಾಗಿತ್ತು. ಕೂಸಿನ ನಿದ್ದೆಗೆ ಎಂದು ತಿಳಿಸಿ ಹೇಳಿದೆ.

ಕಮಲಿ ನೀರು ತಂದಳು. ಕಣ್ಣ ಕೆಳಗೆ ಕಪ್ಪು, ಕುಪ್ಪಸದ ತೋಳು ಸಡಿಲ. ಕಾಕಾ ಅವಳನ್ನು ಒಮ್ಮೆ ನೋಡಿ ನೀರಿನ ತಂಬಿಗೆಯತ್ತ ಮುಖ ಮಾಡಿದ. ಒಳಕೋಣೆಗೆ ಹೋಗಿ, ತೊಟ್ಟಿಲ ಹತ್ತಿರ ನೆಲದ ಮೇಲೆ ಡಬ್ಬಿ ಇಟ್ಟು, ಗುಂಡಿ ಒತ್ತಿದ. ಕಮಲಿ ಗೋಡೆಗೆ ಆತು ಕೂತು ತೊಟ್ಟಿಲ ಹಗ್ಗ ಹಿಡಿದುಕೊಂಡಳು. ನಾವೆಲ್ಲ ತೊಟ್ಟಿಲನ್ನು ನೋಡಿದೆವು.

ಖಟಕ್ ಪಟಕ್, ಖಟಕ್ ಪಟಕ್, ಖಟಕ್... ಪಟಕ್.

ಕೂಸು ಕಣ್ಣರಳಿಸಿತು. ಕಾಲು ಬಡಿಯಿತು. ಕಿಲಕಿಲ ನಕ್ಕು, ಮಗುಚಿ ಬಿದ್ದು, ಡಬ್ಬಿ ಬೇಕೆಂದು ಕೈ ಚಾಚಿತು. ನಿದ್ದೆಯ ಸುಳಿವೇ ಇಲ್ಲ!

"ಮಲಗೂದು ಹಾಂಗಿರ್ಲಿ ಬೀಗರ, ಇದ್ದ ನಿದ್ದಿನೂ ಹಾರಿ ಹೋತಲ್ರಿ!" ಎಂದರು ಬೀಗತಿ.

ನಾಚಿಕೆಯಿಂದ ನಾನು ನೆಲ ನೋಡಿದೆ. ಶೆಲ್ಲು, ಟ್ರ್ಯಾಕ್ಟರು, ಸಾಹೇಬರು, ಧೋತರ, ಎಲ್ಲ ಇದಕ್ಕೇನೇ? ಕಾಕಾನ ಮುಖದಲ್ಲಿ ಮಾತ್ರ ಬೇಸರವೇ ಇಲ್ಲ. ಅವನು ತೊಟ್ಟಿಲನ್ನು ನೋಡುತ್ತಲೇ ಇರಲಿಲ್ಲ. ತುಟಿಯ ಮೇಲೆ ಬೆರಳಿಟ್ಟು, ಕಣ್ಣಿನಿಂದಲೇ ಗೋಡೆಯತ್ತ ತೋರಿಸಿದ.

ಕಮಲಿ ನಿದ್ದೆಹೋಗಿದ್ದಳು. ಕೂತಲ್ಲೇ ತಲೆ ಹೆಗಲಿಗೆ ವಾಲಿತ್ತು, ತುಟಿ ಸ್ವಲ್ಪ ತೆರೆದಿತ್ತು, ಕೈಯಲ್ಲಿ ತೊಟ್ಟಿಲ ಹಗ್ಗ ಹಾಗೇ ಇತ್ತು. ಸಣ್ಣವಳಿದ್ದಾಗ ಕುಂಟು ಮಗ್ಗದ ಗೋಡೆಗೆ ಆತು ಹೀಗೇ ಮಲಗುತ್ತಿದ್ದಳು.

ನಡುಹಗಲಲ್ಲಿ, ಅತ್ತೆಯ ಎದುರು, ಬೀಗರು ಬಂದ ಹೊತ್ತಿನಲ್ಲಿ ಸೊಸೆ ಮಲಗಿದ್ದಾಳೆ. ನನಗೆ ಭಯವಾಯಿತು. ಬೀಗತಿ ಅವಳನ್ನೇ ನೋಡುತ್ತ ನಿಂತರು. ಆಮೇಲೆ ಸದ್ದಾಗದಂತೆ ಹೋಗಿ ದಿಂಬು, ಕೌದಿ ತಂದರು; ಅವಳನ್ನು ಮೆಲ್ಲಗೆ ಮಲಗಿಸಿ ಹೊದಿಸಿದರು. ಹಗ್ಗವನ್ನು ಬೆರಳುಗಳಿಂದ ಬಿಡಿಸಿ, ಕೂಸನ್ನು ಕಂಕುಳಿಗೆ ಎತ್ತಿಕೊಂಡರು.

"ರಾತ್ರಿ ನಾ ಎದ್ದಾಗೆಲ್ಲ ಅಕಿ ಎದ್ದೇ ಇರ್ತಿದ್ಳ್ರಿ," ಎಂದರು ಪಿಸುದನಿಯಲ್ಲಿ. "ಕೂಸು ಮಲಗಿದ್ರೂ ಎದ್ದು ಕುಂತಿರ್ತಿದ್ಳು. ಯಾಕ ಬೇ ಅಂದ್ರ, ಕೂಸಿನ ಸಲುವಾಗಿ ಅಂತಿದ್ಳು. ಮಲಗ್ಲಿ." ಕೂಸನ್ನೆತ್ತಿಕೊಂಡು ಹಿತ್ತಲಿಗೆ ಹೋದರು.

"ನಿನಗ ಗೊತ್ತಿತ್ತೇನು ಕಾಕಾ?" ಎಂದೆ.

"ಫೋನಿನ್ಯಾಗ ಮಗ್ಗದ ಸಪ್ಪಳ ಕೇಳಿ ಎರಡ ಸಲ ಆಕಳಿಸಿದ್ಳಲ್ಲ."

"ಮತ್ತ ಕೂಸು ಕೂಸು ಅಂತ ಊರೆಲ್ಲಾ ಹೇಳಿದಿ?"

"ಕೂಸಿಗಿ ನಿದ್ದಿ ಬರವಲ್ದು ಅಂದ್ರ ಯಾರಿಗೂ ಕೆಟ್ಟ ಹೆಸರಿಲ್ಲ. ಸೊಸಿಗೆ ಈ ಮನ್ಯಾಗ ನಿದ್ದಿ ಬರವಲ್ದು ಅಂದ್ರ ಬೀಗರಿಗೆ ಕೆಟ್ಟ ಹೆಸರು. ಛಲೋ ಮಂದಿ ಯವ್ವಾ. ಮನಿ ಗಟ್ಟಿ ಐತಿ."

ಸಪ್ಪಳೊಂದಿಲ್ಲ ಎಂದು ಅವನು ಹೇಳಿದಾಗ ನಾವು ನಕ್ಕದ್ದು ನೆನಪಾಯಿತು. ಕೂಸಿಗೆ ಒಂದು ತಾಸು ಸಾಕು. ಸೋತ ತಾಯಿಗೆ ರಾತ್ರಿ ಪೂರಾ ಬೇಕು. ಅದೇ ಕುಂಟು ಮಗ್ಗವೇ ಬೇಕು. ಅಂಗಡಿಯಲ್ಲಿ ಎಲ್ಲರೊಡನೆ ನಕ್ಕವಳು ನಾನು! ನನಗೆ ಅಳು ಬಂತು, ಅತ್ತುಬಿಟ್ಟೆ. ಕಾಕಾ ನನ್ನತ್ತ ನೋಡದೆ ಡಬ್ಬಿಯ ಪಕ್ಕ ಕೂತಿದ್ದ.

ಬಿಸಿಲು ಇಳಿಯುವ ಹೊತ್ತಿಗೆ ತಾಳ ನಿಧಾನವಾಯಿತು. ಖಟಕ್... ಪಟಕ್... ಖಟಕ್. ಬಸ್ಸಿನಲ್ಲಿ ಊರವರನ್ನೆಲ್ಲ ಮಲಗಿಸಿದ್ದರ ಲೆಕ್ಕ ಈಗ ಬಂತು. ಚಾರ್ಜಿಗೆ ಹಚ್ಚೋಣವೆಂದು ಪಡಸಾಲೆಗೆ ಓಡಿದೆ, ಕರೆಂಟು ಇರಲಿಲ್ಲ. ತಿರುಗಿ ಬಂದಾಗ ಸುತ್ತಿಗೆ ಅರ್ಧಕ್ಕೆ ನಿಂತಿತ್ತು. ಕೋಣೆಯಲ್ಲಿ ಬೀಳಗಿಯ ಆ ಗಟ್ಟಿ ಮೌನ. ಕಮಲಿಯ ರೆಪ್ಪೆ ಅಲುಗಿತು, ಹುಬ್ಬು ಗಂಟಾಯಿತು.

ಕಾಕಾ ಬೆರಳು ಮಡಿಚಿ, ಗೆಣ್ಣಿನಿಂದ ಡಬ್ಬಿಯ ಹಲಗೆಯ ಮೇಲೆ ಬಡಿಯತೊಡಗಿದ. ಖಟಕ್ ಪಟಕ್, ಖಟಕ್ ಪಟಕ್, ಖಟಕ್... ಪಟಕ್. ಕಮಲಿಯ ಹುಬ್ಬು ಬಿಚ್ಚಿಕೊಂಡಿತು. ಕೌದಿಯೊಳಗೆ ಮಗ್ಗುಲು ಬದಲಿಸಿ ಮತ್ತೆ ಗಾಢವಾಗಿ ಉಸಿರಾಡಿದಳು.

"ಕಾಕಾ, ಕೈ ನೋಯ್ತೈತಿ. ನಾ ಬಡಿತೀನಿ, ಸರಿ."

"ನಿನಗ ಕುಂಟಾಕ ಬರೂದಿಲ್ಲ."

ಹಿತ್ತಲ ಬಾಗಿಲಲ್ಲಿ ಬೀಗತಿ ಲಾಟೀನು ಹಿಡಿದು ಬಂದರು. ಹೆಗಲ ಮೇಲೆ ಕೂಸು ನಿದ್ದೆಹೋಗಿತ್ತು. ಅವರಿಗೆ ಕಾಕಾನ ಬೆನ್ನು ಕಾಣುತ್ತಿತ್ತು, ಕೈ ಕಾಣುತ್ತಿರಲಿಲ್ಲ.

"ಇನ್ನಾ ನಡದೈತೇನ್ರಿ ಬೀಗರ? ಎಷ್ಟೊತ್ತು ನಡೀತೈತ್ರಿ ಇದು?"

ಕಾಕಾ ಕೈ ನಿಲ್ಲಿಸಲಿಲ್ಲ.

"ರಾತ್ರಿ ಪೂರಾ ನಡೀತೈತ್ರಿ," ಎಂದ.